ನಡೆದು ನುಡಿದ ನಾಯಕ: ಗಾಂಧೀಜಿಯವರ ನಿತ್ಯಜೀವನದ ಪಾಠಗಳು

ನಾಯಕ ಎಂಬ ಶಬ್ದವು ‘ನೀ’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಒಯ್ಯುವುದು, ಕೊಂಡುಹೋಗುವುದು ಎಂಬುದು ಆ ಧಾತುವಿನ ಅರ್ಥ. ದಾರಿಯ ಬದಿಯಲ್ಲಿ ನಿಂತು ಅತ್ತ ಹೋಗಿರೆಂದು ಬೆರಳು ತೋರುವವನಿಗೆ ಈ ಹೆಸರು ಸಲ್ಲದು. ತಾನೂ ಆ ದಾರಿಯ ಕಲ್ಲುಮುಳ್ಳುಗಳನ್ನು ತುಳಿಯುತ್ತ ಇತರರನ್ನು ಜೊತೆಗೆ ಕರೆದೊಯ್ಯುವವನಿಗೆ ಮಾತ್ರ ಇದು ಒಪ್ಪುತ್ತದೆ. ಈ ಅರ್ಥದಲ್ಲಿ ನಾಯಕರೆನಿಸಿಕೊಂಡವರು ಯಾವ ಕಾಲದಲ್ಲಿಯೂ ವಿರಳ. ನಮಗೆ ಹತ್ತಿರದ ಕಾಲದಲ್ಲಿ ಅಂತಹ ಬಾಳನ್ನು ಬಾಳಿದವರು ಮೋಹನದಾಸ ಕರಮಚಂದ ಗಾಂಧಿಯವರು. ಅವರ ಸತ್ಯಾಗ್ರಹಗಳ ಕಥೆಯನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆ ಸತ್ಯಾಗ್ರಹಗಳಿಗೆ ಬೇಕಾದ ಬಲವು ಎಲ್ಲಿ ಸಂಚಯವಾಯಿತು ಎಂಬುದನ್ನು ತಿಳಿಯಬೇಕಾದರೆ ಅವರ ಮನೆಯನ್ನು, ಅಡುಗೆಯ ಒಲೆಯನ್ನು, ಲೆಕ್ಕದ ಪುಸ್ತಕವನ್ನು, ಪೊರಕೆಯನ್ನು ನೋಡಬೇಕು. ಪ್ರಸ್ತುತ ಲೇಖನದ ಉದ್ದೇಶವು ಅಷ್ಟೇ.

ಗಾಂಧೀಜಿಯವರು 1869ನೆಯ ಇಸವಿ ಅಕ್ಟೋಬರ್ 2ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ಮೊದಲು ಪೋರಬಂದರಿನಲ್ಲಿ, ಆಮೇಲೆ ರಾಜಕೋಟೆಯಲ್ಲಿ ದಿವಾನರಾಗಿದ್ದವರು. ತಾಯಿ ಪುತಲೀಬಾಯಿಯವರು ವ್ರತನಿಷ್ಠೆಯ ಸಾಧ್ವಿ. ಬಾಲಕನು ಬುದ್ಧಿಯಲ್ಲಿ ಅಸಾಧಾರಣನೇನೂ ಆಗಿರಲಿಲ್ಲ. ಬಹಳ ನಾಚಿಕೆಯ ಸ್ವಭಾವ, ಕತ್ತಲೆಂದರೆ ಭಯ, ಶಾಲೆ ಬಿಟ್ಟೊಡನೆ ಯಾರಾದರೂ ಮಾತನಾಡಿಸಿಯಾರೆಂದು ಮನೆಗೆ ಓಡುವ ಅಭ್ಯಾಸ. ಹುಟ್ಟಿನಿಂದಲೇ ಮುಂದಾಳುವಿನ ಲಕ್ಷಣಗಳು ಕಾಣುತ್ತವೆಂದು ಹೇಳುವವರಿಗೆ ಈ ಬಾಲ್ಯವು ಯಾವ ಆಧಾರವನ್ನೂ ಒದಗಿಸುವುದಿಲ್ಲ.

ರಾಜಕೋಟೆಯ ಪ್ರೌಢಶಾಲೆಯ ಮೊದಲನೆಯ ವರ್ಷದಲ್ಲಿ ಶಾಲಾ ಇನ್ಸ್‌ಪೆಕ್ಟರರು ತನಿಖೆಗೆ ಬಂದರು. ಐದು ಇಂಗ್ಲಿಷ್ ಶಬ್ದಗಳನ್ನು ಹೇಳಿ ಬರೆಯಿಸಿದರು. ಅವುಗಳಲ್ಲಿ ಕೆಟಲ್ ಎಂಬ ಶಬ್ದವನ್ನು ಈ ಬಾಲಕನು ತಪ್ಪಾಗಿ ಬರೆದನು. ಉಪಾಧ್ಯಾಯರು ಬೂಟಿನ ತುದಿಯಿಂದ ಮೆಲ್ಲಗೆ ಒತ್ತಿ, ಪಕ್ಕದ ಹುಡುಗನ ಪಾಟಿಯನ್ನು ನೋಡಿ ತಿದ್ದಿಕೊಳ್ಳುವಂತೆ ಸೂಚನೆ ಕೊಟ್ಟರು. ನಕಲು ಮಾಡದಂತೆ ಕಾಯಲಿಕ್ಕೆ ನಿಂತ ಉಪಾಧ್ಯಾಯರೇ ನಕಲು ಮಾಡೆನ್ನುವರೆಂಬುದು ಬಾಲಕನ ಊಹೆಗೇ ಬರಲಿಲ್ಲ. ಉಳಿದವರೆಲ್ಲರೂ ಸರಿಯಾಗಿ ಬರೆದರು, ಇವನೊಬ್ಬನೇ ದಡ್ಡನೆನಿಸಿಕೊಂಡನು. ಆದರೂ ಆ ಗುರುಗಳ ಮೇಲಿನ ಗೌರವವನ್ನು ಕಳೆದುಕೊಳ್ಳಲಿಲ್ಲ. ತಪ್ಪನ್ನು ಅನುಸರಿಸದೆ ಇರುವುದಕ್ಕೂ ತಪ್ಪು ಮಾಡಿದವರನ್ನು ದ್ವೇಷಿಸದೆ ಇರುವುದಕ್ಕೂ ನಡುವೆ ಇರುವ ಆ ಕಿರಿದಾದ ಹಾದಿಯೇ ಮುಂದೆ ಅವರ ಬಾಳಿನ ಹೆದ್ದಾರಿಯಾಯಿತು.

ಹದಿನೈದನೆಯ ವಯಸ್ಸಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಅಣ್ಣನು ಮಾಡಿದ ಸುಮಾರು ಇಪ್ಪತ್ತೈದು ರೂಪಾಯಿಗಳ ಸಾಲವನ್ನು ತೀರಿಸುವುದಕ್ಕಾಗಿ ಅಣ್ಣನ ತೋಳಿನ ಕಡಗದಿಂದಲೇ ಒಂದು ಚೂರು ಚಿನ್ನವನ್ನು ತಮ್ಮನು ಕಳವು ಮಾಡಿದನು. ಸಾಲ ತೀರಿತು, ಮನಸ್ಸಿನ ಭಾರ ತೀರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ತಕ್ಕ ಶಿಕ್ಷೆಯನ್ನು ಬೇಡಿ, ಇನ್ನೆಂದೂ ಕದಿಯುವುದಿಲ್ಲವೆಂದು ಮಾತು ಕೊಟ್ಟು, ರೋಗಶಯ್ಯೆಯಲ್ಲಿದ್ದ ತಂದೆಯ ಕೈಗೆ ಕಂಪಿಸುತ್ತ ಕೊಟ್ಟನು. ತಂದೆ ಎದ್ದು ಕುಳಿತು ಓದಿದರು. ಅವರ ಕಣ್ಣೀರು ಕಾಗದದ ಮೇಲೆ ಬಿದ್ದಿತು. ಒಂದು ಕ್ಷಣ ಕಣ್ಣು ಮುಚ್ಚಿದ್ದು, ಕಾಗದವನ್ನು ಹರಿದು, ಸುಮ್ಮನೆ ಮಲಗಿದರು. ಬೈಗುಳವಿಲ್ಲ, ಹೊಡೆತವಿಲ್ಲ. ದಂಡಿಸುವ ಅಧಿಕಾರವುಳ್ಳವನು ದಂಡವನ್ನು ಕೆಳಗಿಟ್ಟಾಗ ಅಪರಾಧಿಯ ಹೃದಯದಲ್ಲಿ ಏನು ನಡೆಯುತ್ತದೆಂಬುದನ್ನು ಬಾಲಕನು ಅಂದು ಸ್ವತಃ ಅನುಭವಿಸಿದನು. ಅಹಿಂಸೆಯ ಮೊದಲನೆಯ ಪಾಠವು ಹೀಗೆ ತಂದೆಯ ಹಾಸಿಗೆಯ ಬಳಿಯಲ್ಲಿ ಆಯಿತು.

1888ನೆಯ ಇಸವಿ ಸೆಪ್ಟೆಂಬರಿನಲ್ಲಿ ತರುಣ ಗಾಂಧಿಯು ಕಾನೂನು ಕಲಿಯಲು ಇಂಗ್ಲೆಂಡಿಗೆ ಹೊರಟನು. ಮದ್ಯ, ಮಾಂಸ, ಪರಸ್ತ್ರೀಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ವಚನ ಕೊಟ್ಟಿದ್ದನು, ಅದನ್ನು ಕಾಯ್ದುಕೊಂಡನು. ಆದರೆ ಆ ಸಮಾಜದಲ್ಲಿ ಸಭ್ಯನೆನಿಸಿಕೊಳ್ಳಬೇಕೆಂಬ ಹಂಬಲವು ಅವನನ್ನು ಇನ್ನೊಂದು ದಿಕ್ಕಿಗೆ ಎಳೆಯಿತು. ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಸಂಜೆಯ ಉಡುಪನ್ನು ಹೊಲಿಸಿಕೊಂಡನು. ಎತ್ತರದ ಹ್ಯಾಟು ಬಂದಿತು. ಗಡಿಯಾರಕ್ಕೆ ಚಿನ್ನದ ಜೋಡು ಸರಪಳಿಯನ್ನು ಅಣ್ಣನಿಂದ ತರಿಸಿಕೊಂಡದ್ದಾಯಿತು. ನೃತ್ಯ ಕಲಿಯಲು ಮೂರು ಪೌಂಡು. ಪಿಟೀಲು ಕೊಳ್ಳಲು ಮೂರು ಪೌಂಡು. ಭಾಷಣಕಲೆಗೆ ಒಂದು ಗಿನಿ. ಟೈ ಕಟ್ಟಿಕೊಳ್ಳುವುದಕ್ಕೂ ತಲೆ ಬಾಚುವುದಕ್ಕೂ ದಿನವೂ ಕನ್ನಡಿಯ ಮುಂದೆ ಹತ್ತು ನಿಮಿಷ ಕಳೆಯುತ್ತಿದ್ದಿತು.

ಈ ವೇಷವು ಸುಮಾರು ಮೂರು ತಿಂಗಳು ನಡೆಯಿತು. ತಾನು ಬಾಳೆಲ್ಲ ಇಂಗ್ಲೆಂಡಿನಲ್ಲಿರುವವನಲ್ಲ, ನೃತ್ಯದಿಂದ ಸಭ್ಯತೆ ಬರುವುದಿಲ್ಲ, ಪಿಟೀಲನ್ನು ಭಾರತದಲ್ಲಿಯೂ ಕಲಿಯಬಹುದು ಎಂಬ ಸರಳವಾದ ವಿಚಾರವು ಒಂದು ದಿನ ಹೊಳೆಯಿತು. ಪಾಠಗಳು ನಿಂತವು. ಅದಾದ ಮೇಲೆ ಅವನು ಕೈಗೆತ್ತಿಕೊಂಡದ್ದು ಲೆಕ್ಕದ ಪುಸ್ತಕ. ಅಂಚೆಯ ಚೀಟಿ, ಬಸ್ಸಿನ ದರ ಮೊದಲುಗೊಂಡು ಪ್ರತಿಯೊಂದು ಖರ್ಚನ್ನೂ ಬರೆದು, ಮಲಗುವ ಮುನ್ನ ಉಳಿಕೆಯನ್ನು ತಾಳೆ ನೋಡುವ ಅಭ್ಯಾಸವಾಯಿತು. ದೊಡ್ಡ ಬಿಡಾರ ಹೋಗಿ ಒಂದೇ ಕೋಣೆ ಬಂದಿತು. ವಾಹನಗಳನ್ನು ಬಿಟ್ಟು ದಿನಕ್ಕೆ ಎಂಟು ಹತ್ತು ಮೈಲಿ ನಡೆಯತೊಡಗಿದನು. ಮುಂದೆ ಸಾರ್ವಜನಿಕರ ಲಕ್ಷಾಂತರ ರೂಪಾಯಿಗಳು ಅವರ ಕೈಯಿಂದ ಸಾಗಿದವು. ಅದಕ್ಕೆ ಬೇಕಾದ ಶಿಸ್ತು ಬಡ ವಿದ್ಯಾರ್ಥಿಯ ಪುಡಿಗಾಸಿನ ಲೆಕ್ಕದಲ್ಲಿ ಮೊಳೆತಿದ್ದಿತು.

1891ರಲ್ಲಿ ಬ್ಯಾರಿಸ್ಟರನಾಗಿ ಮರಳಿದ ಗಾಂಧಿಯು ಮುಂಬಯಿಯಲ್ಲಿ ವಕೀಲಿ ಪ್ರಾರಂಭಿಸಿದನು. ಮೊದಲನೆಯ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತಾಗ ತಲೆ ತಿರುಗಿ, ಒಂದು ಮಾತೂ ಹೊರಡದೆ ಕುಳಿತುಬಿಟ್ಟನು. ಶುಲ್ಕವನ್ನು ಕಕ್ಷಿಗಾರಳಿಗೆ ಹಿಂದಿರುಗಿಸಿ ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಲು ಹೇಳಿದನು. ಮೊಕದ್ದಮೆ ತಂದುಕೊಡುವ ದಲ್ಲಾಳಿಗಳಿಗೆ ಪಾಲು ಕೊಡಲು ನಿರಾಕರಿಸಿದುದರಿಂದ ಬೇರೆ ಮೊಕದ್ದಮೆಗಳೂ ಸಾಕಷ್ಟು ಬರಲಿಲ್ಲ. ಸೋತ ವಕೀಲನಾಗಿಯೇ, ದಾದಾ ಅಬ್ದುಲ್ಲಾ ಎಂಬ ವರ್ತಕರ ಕೆಲಸಕ್ಕಾಗಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದನು.

ಅಲ್ಲಿ ಪೀಟರ್‌ಮ್ಯಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ, ಮೊದಲನೆಯ ದರ್ಜೆಯ ಚೀಟಿ ಇದ್ದರೂ, ಬಣ್ಣದ ಕಾರಣಕ್ಕಾಗಿ ಅವರನ್ನು ರೈಲಿನಿಂದ ಹೊರಕ್ಕೆ ತಳ್ಳಿದ ವೃತ್ತಾಂತವು ಎಲ್ಲರಿಗೂ ಗೊತ್ತು. ಅದರ ಮುಂದಿನ ಕಥೆಯನ್ನು ಬಲ್ಲವರು ಕಡಿಮೆ. ಪ್ರಿಟೋರಿಯ ನಗರವನ್ನು ಸೇರಿದ ಮೇಲೆ ಅಲ್ಲಿಯ ಭಾರತೀಯರ ಸಭೆಯೊಂದನ್ನು ಕರೆದು ಗಾಂಧೀಜಿಯವರು ತಮ್ಮ ಬಾಳಿನ ಮೊದಲನೆಯ ಸಾರ್ವಜನಿಕ ಭಾಷಣವನ್ನು ಮಾಡಿದರು. ಬಂದವರಲ್ಲಿ ಹೆಚ್ಚಿನವರು ವರ್ತಕರು. ಅಪಮಾನದ ಗಾಯ ಇನ್ನೂ ಹಸಿಯಾಗಿದ್ದರೂ ಅವರು ಭಾಷಣಕ್ಕೆ ಆರಿಸಿಕೊಂಡ ವಿಷಯವು ವ್ಯಾಪಾರದಲ್ಲಿ ಸತ್ಯ. ನೈರ್ಮಲ್ಯದ ವಿಷಯದಲ್ಲಿ ನಮ್ಮವರಲ್ಲಿರುವ ಕೊರತೆ, ಜಾತಿ ಪ್ರಾಂತಗಳ ಭೇದಗಳನ್ನು ಮರೆಯಬೇಕಾದ ಅಗತ್ಯ ಇವುಗಳನ್ನೂ ಹೇಳಿ, ಆಮೇಲೆ ಕಷ್ಟಗಳ ನಿವಾರಣೆಗೆ ಒಂದು ಸಂಘ ಬೇಕೆಂದರು. ಪರರ ಅನ್ಯಾಯವನ್ನು ಎತ್ತಿ ಆಡಿದ್ದರೆ ಚಪ್ಪಾಳೆ ಸುಲಭವಾಗಿ ಬರುತ್ತಿದ್ದಿತು. ತನ್ನವರಿಗೆ ಕಹಿಯಾದುದನ್ನು ಮೊದಲು ಹೇಳುವ ಎದೆಗಾರಿಕೆ ಮೊದಲನೆಯ ಭಾಷಣದಲ್ಲಿಯೇ ಇದ್ದಿತು. ಇಂಗ್ಲಿಷ್ ಕಲಿಯಬೇಕೆಂದವರಿಗೆ ತಾವೇ ಕಲಿಸುವುದಾಗಿ ಹೇಳಿದಾಗ ಮುಂದೆ ಬಂದವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಕಾರ. ಬ್ಯಾರಿಸ್ಟರರು ಆ ಮೂವರ ಬಿಡುವಿಗೆ ಹೊಂದಿಕೊಂಡು, ಅವರಿದ್ದಲ್ಲಿಗೇ ಹೋಗಿ ಪಾಠ ಹೇಳಿದರು.

ಪ್ರಿಟೋರಿಯದಲ್ಲಿಯೇ ಒಬ್ಬ ಆಂಗ್ಲ ಕ್ಷೌರಿಕನು ಅವರ ಕೂದಲನ್ನು ಕತ್ತರಿಸಲು ತಿರಸ್ಕಾರದಿಂದ ನಿರಾಕರಿಸಿದನು. ಗಾಂಧೀಜಿಯವರು ಕತ್ತರಿಯನ್ನು ಕೊಂಡು ತಂದು, ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗವು ಹೇಗೋ ಬಂದಿತು, ಹಿಂಭಾಗವು ಕೆಟ್ಟಿತು. ಕೂದಲನ್ನು ಇಲಿ ತಿಂದಿದೆಯೇ ಎಂದು ನ್ಯಾಯಾಲಯದ ಗೆಳೆಯರು ನಕ್ಕರು. ನಗೆ ಅವರನ್ನು ಕದಲಿಸಲಿಲ್ಲ. ಆ ಕ್ಷೌರಿಕನ ವಿಷಯವಾಗಿ ಅವರು ಮಾಡಿದ ವಿಚಾರವು ಮನನಯೋಗ್ಯವಾದುದು. ಕರಿಯರಿಗೆ ಕ್ಷೌರ ಮಾಡಿದರೆ ಅವನ ಗಿರಾಕಿಗಳು ತಪ್ಪಿಹೋಗುವ ಭಯವಿದ್ದಿತು. ನಮ್ಮ ಊರುಗಳಲ್ಲಿ ಅಸ್ಪೃಶ್ಯರೆನಿಸಿದ ನಮ್ಮ ಸೋದರರಿಗೆ ಕ್ಷೌರ ಮಾಡಲು ನಮ್ಮ ಕ್ಷೌರಿಕರನ್ನು ನಾವು ಬಿಡುತ್ತೇವೆಯೆ? ನಾವು ಅಲ್ಲಿ ಬಿತ್ತಿದುದನ್ನು ಇಲ್ಲಿ ಉಣ್ಣುತ್ತಿದ್ದೇವೆಂದು ಅವರಿಗೆ ತೋರಿತು. ತನಗಾದ ಅವಮಾನವನ್ನು ತನ್ನವರು ಇತರರಿಗೆ ಮಾಡುವ ಅವಮಾನದ ಪಕ್ಕದಲ್ಲಿಟ್ಟು ತೂಗುವವನು ಸತ್ಯಕ್ಕೆ ಸಮೀಪನಾಗಿರುತ್ತಾನೆ.

ಅಗಸನ ಖರ್ಚು ಹೆಚ್ಚಾದಾಗ ಬಟ್ಟೆ ಒಗೆಯುವುದನ್ನು ಕಲಿತರು. ತಾವೇ ಗಂಜಿ ಹಾಕಿದ ಮೊದಲನೆಯ ಕಾಲರನ್ನು ತೊಟ್ಟು ನ್ಯಾಯಾಲಯಕ್ಕೆ ಹೋದರು. ಗಂಜಿ ಹೆಚ್ಚಾಗಿದ್ದಿತು, ಸುಟ್ಟೀತೆಂಬ ಅಂಜಿಕೆಯಿಂದ ಇಸ್ತ್ರಿಯನ್ನು ಒತ್ತಿರಲಿಲ್ಲ. ಕಾಲರಿನಿಂದ ಗಂಜಿ ಉದುರತೊಡಗಿತು. ಜೊತೆಯ ವಕೀಲರು ನಕ್ಕರು. ಗಾಂಧೀಜಿಯವರೂ ಅವರ ವಿನೋದದಲ್ಲಿ ಪಾಲುಗೊಂಡರು. ಮುಂಬಯಿಯ ನ್ಯಾಯಾಲಯದಲ್ಲಿ ನಾಚಿಕೆಯಿಂದ ಬಾಯಿ ಕಟ್ಟಿದ್ದ ಅದೇ ಪುರುಷನು ಈಗ ನಗೆಪಾಟಲಾಗುವುದಕ್ಕೆ ಹೆದರದವನಾಗಿದ್ದನು.

1894ರಲ್ಲಿ ಬಾಲಸುಂದರಂ ಎಂಬ ತಮಿಳು ಕೂಲಿಯು ಅವರ ಕಚೇರಿಗೆ ಬಂದನು. ಕರಾರಿನ ಮೇಲೆ ದುಡಿಯಲು ಬಂದವನು. ಯಜಮಾನನ ಹೊಡೆತದಿಂದ ಮುಂದಿನ ಎರಡು ಹಲ್ಲುಗಳು ಮುರಿದು ಬಾಯಿಯಿಂದ ರಕ್ತ ಸುರಿಯುತ್ತಿದ್ದಿತು. ತಲೆಯ ರುಮಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದನು. ಬಿಳಿಯರ ಮುಂದೆ ಹಾಗೆ ನಿಲ್ಲುವುದು ಆ ಜನರಿಗೆ ಬಲವಂತದಿಂದ ಬಂದ ಅಭ್ಯಾಸ. ಗಾಂಧೀಜಿಯವರು ಮೊದಲು ಅವನನ್ನು ರುಮಾಲು ಸುತ್ತಿಕೊಳ್ಳಲು ಹೇಳಿದರು. ಸಂಕೋಚದಿಂದ ಸುತ್ತಿಕೊಂಡವನ ಮುಖದಲ್ಲಿ ಹರ್ಷ ಕಾಣಿಸಿತು. ವೈದ್ಯರ ಪತ್ರ, ನ್ಯಾಯಾಧೀಶರ ವಿಚಾರಣೆ ಇವೆಲ್ಲವೂ ನಡೆದು ಅವನು ಬೇರೆ ಯಜಮಾನನ ಬಳಿ ಸೇರುವಂತಾಯಿತು. ಈ ಸುದ್ದಿಯು ಕೂಲಿಗಳಲ್ಲೆಲ್ಲ ಹಬ್ಬಿ, ಅವರು ಗಾಂಧೀಜಿಯವರನ್ನು ತಮ್ಮವರೆಂದು ತಿಳಿದರು. ಹಲ್ಲು ಮುರಿದವನ ದೂರನ್ನು ಕೇಳುವುದಕ್ಕೆ ಮುಂಚೆ ಅವನ ತಲೆಗೆ ರುಮಾಲನ್ನು ಮರಳಿಸುವ ಸೂಕ್ಷ್ಮತೆಯನ್ನು ಯಾವ ಕಾನೂನಿನ ಪುಸ್ತಕವೂ ಕಲಿಸಿರಲಿಲ್ಲ.

ಇಷ್ಟರವರೆಗೆ ಬರೆದುದನ್ನು ಓದಿದವರಿಗೆ ಗಾಂಧೀಜಿಯವರ ದಾರಿ ನೇರವಾಗಿದ್ದಿತೆಂದು ತೋರಬಹುದು. ಹಾಗಿರಲಿಲ್ಲ. ತಾನು ಒಪ್ಪಿದ ಆದರ್ಶವನ್ನು ಇತರರ ತಲೆಯ ಮೇಲೆ ಹೊರಿಸುವುದು ನಾಯಕನಾದವನಿಗೆ ಒದಗುವ ದೊಡ್ಡ ಗಂಡಾಂತರ. ಅವರು ಅದರಲ್ಲಿ ಸಿಲುಕಿದರು. ಸಿಲುಕಿದುದನ್ನು ತಾವೇ ಲೋಕಕ್ಕೆ ತಿಳಿಸಿದರು.

1898ರಲ್ಲಿ ಡರ್ಬಾನಿನ ಅವರ ಮನೆಯಲ್ಲಿ ಗುಮಾಸ್ತರೂ ವಾಸವಾಗಿದ್ದರು. ಕೋಣೆಗಳಿಗೆ ಬಚ್ಚಲಿನ ವ್ಯವಸ್ಥೆ ಇಲ್ಲದುದರಿಂದ ಪ್ರತಿ ಕೋಣೆಯಲ್ಲೂ ಮೂತ್ರಪಾತ್ರೆ ಇರುತ್ತಿದ್ದಿತು. ಅದನ್ನು ಆಳುಗಳಿಂದ ತೆಗೆಸದೆ ಪತಿಪತ್ನಿಯರೇ ಸ್ವಚ್ಛಗೊಳಿಸುತ್ತಿದ್ದರು. ಹೊಸದಾಗಿ ಬಂದ ಗುಮಾಸ್ತನೊಬ್ಬನು ಪಂಚಮ ಕುಲದ ತಂದೆತಾಯಿಗಳಿಗೆ ಹುಟ್ಟಿದ ಕ್ರೈಸ್ತ. ಅವನ ಪಾತ್ರೆಯನ್ನು ತೊಳೆಯುವುದು ಹಳೆಯ ಸಂಸ್ಕಾರದ ಕಸ್ತೂರಬಾ ಅವರಿಗೆ ಸಹಿಸಲಾಗದ ಕೆಲಸವಾಯಿತು. ಪತಿ ಮಾಡುವುದನ್ನು ನೋಡಲಾರರು; ತಾವು ಮಾಡಲಾರರು. ಕಣ್ಣುಗಳು ಕೆಂಪೇರಿ, ನೀರು ಸುರಿಯುತ್ತಿರಲು, ಪಾತ್ರೆಯನ್ನು ಹಿಡಿದು ಮೆಟ್ಟಿಲಿಳಿದು ಬಂದರು. ಗಾಂಧೀಜಿಯವರಿಗೆ ಅಷ್ಟು ಸಾಲದು. ಅದನ್ನು ಆಕೆ ನಗುನಗುತ್ತ ಮಾಡಬೇಕು! ಅವರು ಗದರಿದರು. ಹಾಗಾದರೆ ನಿಮ್ಮ ಮನೆಯನ್ನು ನೀವೇ ಇಟ್ಟುಕೊಳ್ಳಿ, ನಾನು ಹೊರಡುತ್ತೇನೆಂದು ಆಕೆ ಉತ್ತರವಿತ್ತರು. ಕೋಪಾವಿಷ್ಟರಾದ ಪತಿಯು ಆಕೆಯ ಕೈ ಹಿಡಿದು ಎಳೆದುಕೊಂಡು ಹೋಗಿ ಹೊರಬಾಗಿಲನ್ನು ತೆರೆದರು. ತಂದೆತಾಯಿಗಳಾಗಲಿ ಬಂಧುಗಳಾಗಲಿ ಇಲ್ಲದ ಈ ಪರದೇಶದಲ್ಲಿ ಎಲ್ಲಿಗೆ ಹೋಗಲಿ, ನಿಮಗೆ ನಾಚಿಕೆಯಾಗುವುದಿಲ್ಲವೆ, ಜನ ನೋಡುವ ಮೊದಲು ಬಾಗಿಲನ್ನು ಮುಚ್ಚಿ ಎಂದು ಆ ತಾಯಿ ಕಣ್ಣೀರಿನೊಡನೆ ಕೇಳಿದರು. ಗಾಂಧೀಜಿಯವರು ನಾಚಿ ಬಾಗಿಲನ್ನು ಮುಚ್ಚಿದರು.

ಅಸ್ಪೃಶ್ಯತೆಯ ವಿಷಯದಲ್ಲಿ ಅವರ ನಿಲುವು ಸರಿಯಾಗಿದ್ದಿತು. ಅದನ್ನು ನೆಲೆಗೊಳಿಸಲು ಹಿಡಿದ ಮಾರ್ಗವು ಕ್ರೂರವಾಗಿದ್ದಿತು. ಸತ್ಯವನ್ನು ಬಲಾತ್ಕಾರದಿಂದ ಹೇರಿದರೆ ಅದು ಹಿಂಸೆಯಾಗುತ್ತದೆಂಬುದನ್ನು ತೋರಿಸಿಕೊಟ್ಟವರು ಕಸ್ತೂರಬಾ. ಸಹಿಸುತ್ತಲೇ ಎದುರಿಸುವ ರೀತಿಯನ್ನು ತಾವು ಪತ್ನಿಯಿಂದ ಕಲಿತುದಾಗಿ ಗಾಂಧೀಜಿಯವರು ಅನಂತರ ಒಪ್ಪಿಕೊಂಡರು. ಆದರೂ ಈ ಪಾಠವು ಒಂದೇ ದಿನದಲ್ಲಿ ಕೈವಶವಾಗಲಿಲ್ಲ. 1901ರಲ್ಲಿ ದಕ್ಷಿಣ ಆಫ್ರಿಕವನ್ನು ಬಿಡುವಾಗ ಜನರು ಪ್ರೀತಿಯಿಂದ ಕೊಟ್ಟ ಚಿನ್ನ, ವಜ್ರಗಳ ಕಾಣಿಕೆಗಳಲ್ಲಿ ಕಸ್ತೂರಬಾ ಅವರಿಗೆಂದು ಕೊಟ್ಟ ಐವತ್ತು ಗಿನಿಗಳ ಕಂಠೀಹಾರವೂ ಇದ್ದಿತು. ಸೇವೆಗೆ ಬೆಲೆ ಪಡೆಯಲಾಗದೆಂದು ರಾತ್ರಿಯೆಲ್ಲ ನಿದ್ರೆಯಿಲ್ಲದೆ ಯೋಚಿಸಿ, ಎಲ್ಲವನ್ನೂ ಸಮಾಜದ ನಿಧಿಗೆ ಬಿಟ್ಟುಕೊಡುವ ಪತ್ರವನ್ನು ಅವರು ಸಿದ್ಧಪಡಿಸಿದರು. ನಿಮ್ಮ ಸೇವೆಯಲ್ಲಿ ಹಗಲಿರುಳು ದುಡಿದ ನನ್ನ ಪಾಲಿಲ್ಲವೆ ಎಂದು ಪತ್ನಿ ಕೇಳಿದ ಪ್ರಶ್ನೆಗೆ ಸುಲಭವಾದ ಉತ್ತರವಿರಲಿಲ್ಲ. ಹೇಗೋ ಆಕೆಯ ಒಪ್ಪಿಗೆಯನ್ನು ಪಡೆದರು. ಹಿರಿಯ ಮಗ ಹರಿಲಾಲನಂತೂ ತಂದೆಯಿಂದ ದೂರವಾದನು. ತನಗೆ ತಕ್ಕ ವಿದ್ಯಾಭ್ಯಾಸ ದೊರೆಯಲಿಲ್ಲವೆಂಬ ಕೊರಗು ಅವನಲ್ಲಿ ಕೊನೆಯವರೆಗೂ ಉಳಿಯಿತು. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇವನ್ನು ಮುಚ್ಚಿಡುವುದು ಸತ್ಯಕ್ಕೆ ಮಾಡುವ ದ್ರೋಹವಾಗುತ್ತದೆ.

ಅದೇ 1901ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ನೇಟಾಲಿನ ಭಾರತೀಯರಿಗೆ ಏಳು ವರ್ಷಗಳಿಂದ ಮುಂದಾಳುವಾಗಿದ್ದ ಗಾಂಧೀಜಿಯವರನ್ನು ಅಲ್ಲಿ ಗುರುತಿಸುವವರು ಕೆಲವರೇ. ಪ್ರತಿನಿಧಿಗಳ ಬಿಡಾರದಲ್ಲಿ ಪಾಯಿಖಾನೆಗಳು ದುರ್ವಾಸನೆಯಿಂದ ತುಂಬಿದ್ದವು. ಸ್ವಯಂಸೇವಕರಿಗೆ ತೋರಿಸಿದಾಗ, ಅದು ತಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸವೆಂಬ ಉತ್ತರ ಬಂದಿತು. ಗಾಂಧೀಜಿಯವರು ಒಂದು ಪೊರಕೆಯನ್ನು ಕೇಳಿದರು. ಕೇಳಿದವನು ಬೆರಗಾಗಿ ನೋಡಿದನು. ಪೊರಕೆಯನ್ನು ಹೇಗೋ ಸಂಪಾದಿಸಿ ತಾವು ಉಪಯೋಗಿಸುವ ಒಂದನ್ನು ಶುಚಿಗೊಳಿಸಿದರು. ಜನಸಂದಣಿ ಅಷ್ಟಿದ್ದುದರಿಂದ ಎಲ್ಲವನ್ನೂ ತೊಳೆಯುವುದು ಅವರ ಶಕ್ತಿಗೆ ಮೀರಿದ್ದಿತು. ಕೆಲವರು ರಾತ್ರಿ ಜಗಲಿಯನ್ನೇ ಹೊಲಸು ಮಾಡಿದ್ದರು. ಬೆಳಗ್ಗೆ ಅದನ್ನೂ ತೆಗೆದರು. ಕಾಂಗ್ರೆಸ್ ಕಚೇರಿಗೆ ಹೋಗಿ ಕಾರ್ಯದರ್ಶಿಗಳಾಗಿದ್ದ ಜಾನಕೀನಾಥ ಘೋಷಾಲರನ್ನು ಕೆಲಸ ಬೇಡಿ, ಗುಮಾಸ್ತನಂತೆ ಕಾಗದಗಳಿಗೆ ಉತ್ತರ ಬರೆದರು. ಆ ಹಿರಿಯರ ಅಂಗಿಯ ಗುಂಡಿಗಳನ್ನು ಸಹ ಹಾಕಿಕೊಟ್ಟರು. ಹಿರಿಯರ ಸೇವೆಯಲ್ಲಿ ಅವರಿಗೆ ಸಂತೋಷವಿದ್ದಿತು. ಕಾಂಗ್ರೆಸ್ಸಿನ ಒಳಗಿನ ವ್ಯವಹಾರವೂ ತಿಳಿಯಿತು.

1904ರಲ್ಲಿ ಡರ್ಬಾನಿನ ಬಳಿ ಫೀನಿಕ್ಸ್ ಎಂಬಲ್ಲಿ ನೂರು ಎಕರೆ ನೆಲದಲ್ಲಿ ಒಂದು ವಸತಿ ನೆಲೆಗೊಂಡಿತು. 1910ರಲ್ಲಿ ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ ಟಾಲ್‌ಸ್ಟಾಯ್ ಕ್ಷೇತ್ರ ತಲೆಯೆತ್ತಿತು. ಸೆರೆಮನೆಗೆ ಹೋಗುವ ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ವಾಸಿಸಿದವು. ಸ್ವಂತ ಕೆಲಸಕ್ಕಾಗಿ ಪಟ್ಟಣಕ್ಕೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮವಿದ್ದಿತು; ಗಾಂಧೀಜಿಯವರೂ ನಡೆದರು. ಶಿಕ್ಷಕರು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬುದು ಇನ್ನೊಂದು ನಿಯಮ. ಗುಂಡಿ ತೋಡುವಾಗ, ಮರ ಕಡಿಯುವಾಗ, ಹೊರೆ ಹೊರುವಾಗ ಶಿಕ್ಷಕನೊಬ್ಬನು ಮಕ್ಕಳ ಜೊತೆಯಲ್ಲಿಯೇ ದುಡಿಯುತ್ತಿದ್ದನು. ಜರ್ಮನ್ ಮಿತ್ರರಾದ ಕ್ಯಾಲೆನ್‌ಬಾಕರು ಪಾದರಕ್ಷೆ ಹೊಲಿಯುವುದನ್ನು ಕಲಿತುಬಂದರು. ಅವರಿಂದ ಗಾಂಧೀಜಿಯವರು ಕಲಿತು ಮಕ್ಕಳಿಗೆ ಕಲಿಸಿದರು. ತಮ್ಮನ್ನು ಸೆರೆಗೆ ಕಳುಹಿದ ಸರಕಾರದ ಜನರಲ್ ಸ್ಮಟ್ಸರಿಗೆ, 1914ರಲ್ಲಿ ಆ ದೇಶವನ್ನು ಬಿಡುವಾಗ, ಸೆರೆಮನೆಯಲ್ಲಿ ತಾವೇ ಹೊಲಿದ ಜೋಡು ಪಾದರಕ್ಷೆಗಳನ್ನು ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸರು ಅವನ್ನು ಹಲವು ಬೇಸಿಗೆಗಳಲ್ಲಿ ತೊಟ್ಟು, 1939ರಲ್ಲಿ ಗಾಂಧೀಜಿಯವರಿಗೆ ಎಪ್ಪತ್ತು ತುಂಬಿದಾಗ, ಅಂತಹವರ ಪಾದರಕ್ಷೆಯಲ್ಲಿ ನಿಲ್ಲುವ ಯೋಗ್ಯತೆ ತಮಗಿಲ್ಲವೆಂಬ ಭಾವದಿಂದ ಹಿಂದಿರುಗಿಸಿದರು.

1915ರ ಜನವರಿಯಲ್ಲಿ ತಾಯ್ನಾಡಿಗೆ ಮರಳಿ, ಅಹಮದಾಬಾದಿನ ಬಳಿ ಕೋಚರಬಿನಲ್ಲಿ ಆಶ್ರಮವನ್ನು ಸ್ಥಾಪಿಸಿದರು. ಕೆಲವೇ ತಿಂಗಳಲ್ಲಿ ಅಸ್ಪೃಶ್ಯರೆನಿಸಿದ ದೂದಾಭಾಯಿ, ಅವರ ಪತ್ನಿ ದಾನೀಬೆನ್, ಮಗು ಲಕ್ಷ್ಮೀ ಇವರನ್ನು ಆಶ್ರಮವಾಸಿಗಳಾಗಿ ಸ್ವೀಕರಿಸಿದರು. ಧನಸಹಾಯವೆಲ್ಲ ನಿಂತಿತು. ಬಾವಿಯ ಬಳಿ ಬೈಗುಳ ಕೇಳಬೇಕಾಯಿತು. ಮರುತಿಂಗಳಿಗೆ ಹಣವಿಲ್ಲವೆಂದು ಮಗನಲಾಲರು ತಿಳಿಸಿದಾಗ, ಅಸ್ಪೃಶ್ಯರ ಕೇರಿಗೇ ಹೋಗಿ ವಾಸಿಸೋಣವೆಂಬ ಉತ್ತರ ಬಂದಿತು. ಅಷ್ಟರಲ್ಲಿ ಹೆಸರು ಹೇಳದ ಒಬ್ಬ ಶ್ರೀಮಂತರು ಕಾರಿನಲ್ಲಿ ಬಂದು 13,000 ರೂಪಾಯಿಗಳನ್ನು ಕೊಟ್ಟುಹೋದರು. ಇಲ್ಲಿಯೂ ಒಳಗಿನ ತೊಂದರೆಯೇ ಹೆಚ್ಚಿನದು. ಕಸ್ತೂರಬಾ ಅವರಿಗೂ ಇತರ ಸ್ತ್ರೀಯರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಕಾಲಕ್ರಮದಲ್ಲಿ ಅದೇ ಲಕ್ಷ್ಮಿಯು ಗಾಂಧೀಜಿಯವರ ಮಗಳಂತೆ ಬೆಳೆದಳು.

1917ರಲ್ಲಿ ಬಿಹಾರದ ಚಂಪಾರಣದಲ್ಲಿ ನೀಲಿ ಬೆಳೆಯುವ ರೈತರ ಸಂಕಟಗಳನ್ನು ವಿಚಾರಿಸಲು ಹೋದಾಗ, ನೆರವಿಗೆ ಬಂದ ವಕೀಲರು ಒಬ್ಬೊಬ್ಬ ಆಳನ್ನೂ ಬೇರೆಬೇರೆ ಅಡುಗೆಯವರನ್ನೂ ಕರೆತಂದಿದ್ದರು. ರಾತ್ರಿಯ ಊಟಕ್ಕೆ ನಡುರಾತ್ರಿಯಾಗುತ್ತಿದ್ದಿತು. ಗಾಂಧೀಜಿಯವರು ಆಜ್ಞೆ ಮಾಡಲಿಲ್ಲ. ಮೆಲ್ಲಗೆ ಹಾಸ್ಯ ಮಾಡಿದರು. ಕೆಲವು ದಿನಗಳಲ್ಲಿ ಆಳುಗಳು ಊರಿಗೆ ಮರಳಿದರು. ಎಲ್ಲರಿಗೂ ಒಂದೇ ಅಡುಗೆಮನೆಯಾಯಿತು. ಊಟಕ್ಕೆ ವೇಳೆ ಗೊತ್ತಾಯಿತು. ಮುಂದೆ ಭಾರತದ ಮೊದಲನೆಯ ರಾಷ್ಟ್ರಪತಿಗಳಾದ ರಾಜೇಂದ್ರಪ್ರಸಾದರು ಆ ವಕೀಲರಲ್ಲೊಬ್ಬರು. ಡರ್ಬಾನಿನ ಹೊರಬಾಗಿಲಲ್ಲಿ ಕಲಿತ ಪಾಠವು ಚಂಪಾರಣದ ಅಡುಗೆಮನೆಯಲ್ಲಿ ಫಲಿಸಿತೆಂದು ಹೇಳಬಹುದು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ತುಂಡು ಪಂಚೆಯನ್ನುಟ್ಟದ್ದೂ ಇದೇ ಬಗೆಯದು. ಮೈತುಂಬ ಖಾದಿಯನ್ನು ಕೊಳ್ಳಲು ಬಡವರಿಗೆ ಶಕ್ತಿಯಿಲ್ಲವೆಂಬ ಮಾತು ಕೇಳಿ ಬಂದಾಗ, ತಮ್ಮ ಬಟ್ಟೆಯನ್ನು ತಾವು ಕಡಿಮೆ ಮಾಡಿಕೊಂಡರು. ಎಲ್ಲರೂ ಹಾಗೆಯೇ ಉಡಬೇಕೆಂದು ವಿಧಿಸಲಿಲ್ಲ.

1930ರ ಮಾರ್ಚ್ 12ರಂದು, ಅರವತ್ತು ವರ್ಷ ತುಂಬಿದ ಗಾಂಧೀಜಿಯವರು 78 ಅನುಯಾಯಿಗಳೊಡನೆ ಸಬರಮತಿಯಿಂದ ದಂಡಿಯತ್ತ ನಡೆದರು. ನಮ್ಮ ನಾಡಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಆ ತಂಡದಲ್ಲಿದ್ದರು. ಹೊರಡುವ ಮೊದಲು ವೈಸರಾಯರಿಗೆ ಬರೆದ ಪತ್ರದಲ್ಲಿ, ಅವರ ಸಂಬಳವು ಭಾರತೀಯನ ಸರಾಸರಿ ವರಮಾನದ ಐದು ಸಾವಿರ ಪಟ್ಟಿಗಿಂತ ಹೆಚ್ಚೆಂದು ಗಾಂಧೀಜಿಯವರು ಆಕ್ಷೇಪಿಸಿದ್ದರು. ದಾರಿಯಲ್ಲಿ, ಯಾತ್ರಿಕರಿಗಾಗಿ ಸೂರತಿನಿಂದ ಲಾರಿಯಲ್ಲಿ ಹಾಲು, ತರಕಾರಿ ಬರುತ್ತಿದ್ದುದು ಅವರಿಗೆ ತಿಳಿಯಿತು. ರಾತ್ರಿಯ ನಡಿಗೆಯಲ್ಲಿ ಕೂಲಿಯೊಬ್ಬನು ಭಾರವಾದ ಕಿಟ್ಸನ್ ದೀಪವನ್ನು ತಲೆಯ ಮೇಲೆ ಹೊತ್ತು ಅವಸರದಿಂದ ನಡೆಯುತ್ತಿದ್ದುದನ್ನೂ ಕಂಡರು. ಮಾರ್ಚ್ 29ರಂದು ಭಟಗಾಮ್ ಎಂಬ ಹಳ್ಳಿಯ ಸಭೆಯಲ್ಲಿ ಇವನ್ನೆಲ್ಲ ಬಯಲಿಗಿಟ್ಟರು. ಬಡವರ ಹೆಸರಿನಲ್ಲಿ ಹೊರಟ ನಾವೇ ಹೀಗೆ ವೆಚ್ಚ ಮಾಡಿದರೆ ವೈಸರಾಯರಿಗೆ ಆ ಪತ್ರವನ್ನು ಬರೆಯುವ ಹಕ್ಕು ನನಗೆ ಎಲ್ಲಿಯದೆಂದು ಎಲ್ಲರೆದುರಿನಲ್ಲಿ ತಮ್ಮನ್ನೇ ಪ್ರಶ್ನಿಸಿಕೊಂಡರು.

ಇದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಜಗತ್ತಿನ ಪತ್ರಿಕೆಗಳ ಕಣ್ಣು ಆ ಯಾತ್ರೆಯ ಮೇಲೆ ನೆಟ್ಟಿದ್ದಿತು. ಯಾರೂ ಆ ದೀಪವನ್ನು ದೊಡ್ಡ ಅಪರಾಧವೆಂದು ಎಣಿಸಿರಲಿಲ್ಲ. ಮೌನವಾಗಿ ಒಳಗೊಳಗೇ ತಿದ್ದಿಕೊಂಡಿದ್ದರೂ ಆಗುತ್ತಿದ್ದಿತು. ಪ್ರತಿಪಕ್ಷದವರು ಆಡಿಕೊಂಡಾರೆಂಬ ಭಯದಿಂದ ಬೇರೆ ಯಾವ ಮುಂದಾಳಾದರೂ ಬಾಯಿಬಿಡುತ್ತಿರಲಿಲ್ಲ. ಲಂಡನ್ನಿನ ಕೋಣೆಯಲ್ಲಿ ರಾತ್ರಿಯ ಉಳಿಕೆಯನ್ನು ತಾಳೆ ನೋಡುತ್ತಿದ್ದ ವಿದ್ಯಾರ್ಥಿಯೂ, ತಂದೆಗೆ ಕಾಗದ ಕೊಟ್ಟ ಬಾಲಕನೂ ಭಟಗಾಮದಲ್ಲಿ ಒಟ್ಟಿಗೆ ನಿಂತಿದ್ದರು. ಆ ತಪ್ಪೊಪ್ಪಿಗೆಯಿಂದ ಯಾತ್ರೆಯ ಬಲವು ಕುಂದಲಿಲ್ಲ. ಏಪ್ರಿಲ್ 6ರಂದು ದಂಡಿಯ ಕಡಲತಡಿಯಲ್ಲಿ ಅವರು ಹಿಡಿದ ಒಂದು ಹಿಡಿ ಉಪ್ಪಿಗೆ ದೇಶವೇ ಎದ್ದು ನಿಂತಿತು.

ಬಾಳಿನ ಕೊನೆಯಲ್ಲಿ, 1947ರ ಆರಂಭದಲ್ಲಿ, ಎಪ್ಪತ್ತೇಳರ ವೃದ್ಧರಾದ ಅವರು ಮತೀಯ ಹಿಂಸೆಯಿಂದ ಬೆಂದ ನೊಆಖಾಲಿಯ ಹಳ್ಳಿಗಳಲ್ಲಿ ಬರಿಗಾಲಿನಿಂದ ನಡೆದರು. ಆಗಸ್ಟ್ 15ರಂದು ದೆಹಲಿಯು ಸ್ವಾತಂತ್ರ್ಯದ ಉತ್ಸವದಲ್ಲಿದ್ದಾಗ ಅವರು ಕಲ್ಕತ್ತೆಯ ಬೇಲಿಯಾಘಾಟದ ಒಂದು ಹಳೆಯ ಮನೆಯಲ್ಲಿ ಉಪವಾಸ, ಪ್ರಾರ್ಥನೆ, ನೂಲುವಿಕೆಗಳಲ್ಲಿ ದಿನವನ್ನು ಕಳೆದರು. ಎಲ್ಲಿ ಗಾಯವಿದೆಯೋ ಅಲ್ಲಿ ಇರಬೇಕೆಂಬುದು ಅವರ ಮತವಾಗಿದ್ದಿತು. 1948ರ ಜನವರಿ 30ರಂದು ಪ್ರಾರ್ಥನೆಗೆ ನಡೆದು ಹೋಗುತ್ತಿರುವಾಗ ಗುಂಡಿಗೆ ಬಲಿಯಾದರು. ಕನ್ನಡಕ, ಗಡಿಯಾರ, ಪಾದರಕ್ಷೆ, ಊಟದ ಬಟ್ಟಲು ಮುಂತಾದ ಕೆಲವೇ ವಸ್ತುಗಳು ಅವರ ಹಿಂದೆ ಉಳಿದವು.

ವಿದ್ಯಾರ್ಥಿ ಮಿತ್ರರು ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೇಲೆ ಹೇಳಿದ ಕೆಲಸಗಳಲ್ಲಿ ಬಹುಪಾಲು ನಮ್ಮ ಶಕ್ತಿಗೆ ಮೀರಿದುವೇನೂ ಆಗಿಲ್ಲ. ಪಾಟಿಯನ್ನು ನೋಡಿ ಬರೆಯದಿರುವುದು, ಖರ್ಚನ್ನು ಬರೆದಿಡುವುದು, ತನ್ನ ಬಟ್ಟೆಯನ್ನು ತಾನು ಒಗೆಯುವುದು, ಹೊಲಸಾದ ಜಾಗವನ್ನು ಗುಡಿಸುವುದು, ದೀನನನ್ನು ಮರ್ಯಾದೆಯಿಂದ ಮಾತನಾಡಿಸುವುದು ಇವುಗಳಿಗೆ ಪಾಂಡಿತ್ಯವಾಗಲಿ ಐಶ್ವರ್ಯವಾಗಲಿ ಬೇಕಾಗಿಲ್ಲ. ಕಠಿನವಾದುದು ಬೇರೆ ಎರಡುಂಟು. ನಮ್ಮ ಒಳ್ಳೆಯತನವನ್ನು ಇತರರ ಮೇಲೆ ಹೇರದಿರುವುದು ಒಂದು. ಜನರು ಹೊಗಳುತ್ತಿರುವಾಗ ನಮ್ಮ ಲೆಕ್ಕದಲ್ಲಿ ಬಂದ ತಪ್ಪನ್ನು ನಾವೇ ಮೊದಲು ಓದಿ ಹೇಳುವುದು ಇನ್ನೊಂದು. ತರಗತಿಯ ನಾಯಕನಿಂದ ಹಿಡಿದು ನಾಡನ್ನು ಆಳುವವರವರೆಗೆ ಈ ಎರಡು ಪರೀಕ್ಷೆಗಳು ಯಾರಿಗೂ ತಪ್ಪಿದುವಲ್ಲ. ಗಾಂಧೀಜಿಯವರು ಮೊದಲನೆಯದರಲ್ಲಿ ಹಲವು ಬಾರಿ ಸೋತು ಕಲಿತರು. ಎರಡನೆಯದರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ತಂದೆಯ ಕೈಗೆ ಆ ಕಾಗದವನ್ನು ಕೊಟ್ಟಂದಿನಿಂದ, ಹಿಂಜರಿದುದು ಕಡಿಮೆ.